ಉಜಿರೆ–ಬೆಳ್ತಂಗಡಿ ರಸ್ತೆಯಿಂದ ಕಾಣುವ ಬೋಳು ಬಂಡೆಯ ಬೆಟ್ಟ ಯಾವುದು?

ಚಾರ್ಮಾಡಿ ಘಾಟಿ ಇಳಿದು ಉಜಿರೆಯಿಂದ ಬೆಳ್ತಂಗಡಿಗೆ ಸೈಕಲ್ ತುಳಿಯುವಾಗ ಬಲಗಡೆ ಕಂಡ ಬಂಡೆಬೆಟ್ಟ ಕುದುರೆಮುಖವೇ, ಫೋಟೊ ಹಾಕಿದರೆ ಹೆಸರು ಹೇಳುವ ಆ್ಯಪ್ ಯಾವುದು ಎಂದು ಕೇಳಿದ್ದೀರಿ. ಅದು ಹೆಚ್ಚಾಗಿ ಗಡಾಯಿಕಲ್ಲು, ಕುದುರೆಮುಖದ ಸಾಲಿನ ಮುಂದೆ ನಿಂತ ಒಂಟಿ ಬಂಡೆಬೆಟ್ಟ. ಅದೇ ರಸ್ತೆಯಲ್ಲಿ ನಾನೂ ಎಡವಿದ್ದೇನೆ.

ಮೊದಲು ಆ ಆ್ಯಪ್ ಹುಡುಕುವುದನ್ನು ಬಿಡಿ. ನಾಲ್ಕೈದು ಕಿಲೋಮೀಟರ್ ಸರಿದರೆ ಹತ್ತಿರದ ಬೆಟ್ಟದ ಆಕಾರವೇ ಬೇರೆಯಾಗುತ್ತದೆ. ಚಿತ್ರ ಹೋಲಿಸಿ ಹುಡುಕಿದರೆ ಜನ ಹೆಚ್ಚು ಫೋಟೊ ತೆಗೆದ ಬೆಟ್ಟವೇ ಮೇಲೆ ಬರುತ್ತದೆ. ನಿಮಗೆ ಬೇಕಾದದ್ದು ನಿಂತ ಜಾಗ ಮತ್ತು ನೋಡಿದ ದಿಕ್ಕು.

ನಾನು ಜಾಗದಲ್ಲೇ ತಪ್ಪಿದೆ. ಕ್ಯಾಮೆರಾದಲ್ಲಿ ಜಿಪಿಎಸ್ ಇರಲಿಲ್ಲ. ಹಾಗಾಗಿ ಫೋಟೊದ ಸಮಯವನ್ನು ಸೈಕಲ್ ಕಂಪ್ಯೂಟರಿನ ಟ್ರ್ಯಾಕ್ ಜೊತೆ ಹೊಂದಿಸಿದೆ. ಆ ಟ್ರ್ಯಾಕ್ ಇರುವ ಜಿಪಿಎಕ್ಸ್ ಕಡತದಲ್ಲಿ ಸಮಯ ಯುಟಿಸಿಯಲ್ಲಿರುತ್ತದೆ (ಜಾಗತಿಕ ಪ್ರಮಾಣ ಸಮಯ), ಭಾರತದ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಅದು ಗೊತ್ತಿತ್ತು, ಕೂಡಿಸಿದೆ. ಕ್ಯಾಮೆರಾದ ಗಡಿಯಾರ 15 ನಿಮಿಷ ಹಿಂದಿದ್ದದ್ದು ಮಾತ್ರ ನೋಡಲಿಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ 15 ನಿಮಿಷ ಅಂದರೆ 5 ಕಿ.ಮೀ. ಬೆಳ್ತಂಗಡಿ ಹತ್ತಿರ ತೆಗೆದ ಚಿತ್ರ ನಕ್ಷೆಯಲ್ಲಿ ಉಜಿರೆಯಲ್ಲಿ ಕೂತುಬಿಟ್ಟಿತು.

ಇದೇ ಯಾಕೆ ಮುಳುವಾಯಿತು ಅಂದರೆ, ಗಡಾಯಿಕಲ್ಲು ಆ ರಸ್ತೆಯಿಂದ ನಾಲ್ಕೈದು ಕಿ.ಮೀ. ದೂರ, ಕುದುರೆಮುಖದ ತುದಿ ಹದಿನೈದಕ್ಕೂ ಹೆಚ್ಚು. ಉಜಿರೆಯಲ್ಲಿ ನಿಂತು ನೋಡಿದರೆ ಗಡಾಯಿಕಲ್ಲು ವಾಯವ್ಯಕ್ಕೆ, ಕುದುರೆಮುಖದ ಎಡಕ್ಕಿರುತ್ತದೆ. ನೀವು ಪಶ್ಚಿಮಕ್ಕೆ ತುಳಿದಂತೆ ಅದು ಹಿಂದಿನ ಸಾಲಿನ ಮುಂದೆ ಸರಿಯುತ್ತ ಹೋಗಿ, ಬೆಳ್ತಂಗಡಿ ಬರುವಷ್ಟರಲ್ಲಿ ಕುದುರೆಮುಖದ ಬಲಕ್ಕೆ ದಾಟಿರುತ್ತದೆ. ನನ್ನ ಚಿತ್ರದಲ್ಲಿ ಬಂಡೆ ಬಲಕ್ಕಿತ್ತು. ‘ಉಜಿರೆಯಿಂದ’ ಬಲಕ್ಕೆ ಕಾಣಬೇಕಾದರೆ ಅದು ಗಡಾಯಿಕಲ್ಲು ಆಗಲಾರದು ಎಂದು ತೀರ್ಮಾನಿಸಿ, ಕುದುರೆಮುಖದಿಂದ ಬಲಕ್ಕೆ, ಪೂರ್ವದಲ್ಲಿರುವ ಬಲ್ಲಾಳರಾಯನ ದುರ್ಗ ಎಂದು ಹೆಸರು ಬರೆದೆ. ಆ ಚಿತ್ರ ಅದೇ ತಪ್ಪು ಹೆಸರಿನಲ್ಲಿ ಹತ್ತಾರು ಸೈಕಲ್ ಗೆಳೆಯರ ಕೈಗೆ ಹೋಯಿತು. ಈಗ ಪ್ರತಿ ಸವಾರಿಯ ಶುರುವಿನಲ್ಲಿ ಫೋನಿನ ಗಡಿಯಾರದ್ದೇ ಒಂದು ಫೋಟೊ ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ. ವ್ಯತ್ಯಾಸ ಅದರಲ್ಲೇ ಸಿಗುತ್ತದೆ.

ನೀವು ಫೋನಿನಲ್ಲಿ ತೆಗೆದಿದ್ದರೆ ಕೆಲಸ ಸುಲಭ, ಆದರೆ ಮೂಲ ಕಡತವೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಜಾಗದ ವಿವರ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಜಾಗ ನಂಬಿ, ಫೋನು ಬರೆದ ದಿಕ್ಕನ್ನು ನಂಬಬೇಡಿ. ಹ್ಯಾಂಡಲ್ ಮೇಲಿನ ಫೋನ್ ಹೋಲ್ಡರಿನಲ್ಲಿ ಅಯಸ್ಕಾಂತ ಇದ್ದರಂತೂ ದಿಕ್ಸೂಚಿ ಎಲ್ಲೆಲ್ಲೋ ತೋರಿಸುತ್ತದೆ.

ದಿಕ್ಕನ್ನು ಚಿತ್ರದಿಂದಲೇ ಅಳೆಯಿರಿ. ಫೋಟೊ ವಿವರದಲ್ಲಿ ‘35 ಮಿ.ಮೀ. ಸಮಾನ’ ನಾಭಿದೂರ (ಫೋಕಲ್ ಲೆಂಗ್ತ್) ಇರುತ್ತದೆ, ಚಿತ್ರ ಎಷ್ಟು ಅಗಲದ ನೋಟ ಹಿಡಿದಿದೆ ಎಂಬುದು ಅದರಿಂದ ತಿಳಿಯುತ್ತದೆ. ಅದು 26 ಆಗಿದ್ದು, ಅಡ್ಡ ಹಿಡಿದ ಚಿತ್ರದ ಅಗಲ 4,000 ಪಿಕ್ಸೆಲ್ ಇದ್ದರೆ, ಮಧ್ಯಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 50 ಪಿಕ್ಸೆಲ್. (4,000ವನ್ನು 26ರಿಂದ ಗುಣಿಸಿ 36ರಿಂದ ಭಾಗಿಸಿ, ಬಂದದ್ದನ್ನು 57.3ರಿಂದ ಭಾಗಿಸಿ. ಕತ್ತರಿಸಿದ ಚಿತ್ರಕ್ಕೆ ಈ ಲೆಕ್ಕ ನಡೆಯದು.) ಎರಡು ಬೆಟ್ಟಗಳ ತುದಿಗಳ ನಡುವೆ ಎಷ್ಟು ಪಿಕ್ಸೆಲ್ ಎಂದು ಎಣಿಸಿ ಡಿಗ್ರಿ ಮಾಡಿ, ನಕ್ಷೆಯ ಮೇಲೆ ಕೋನಮಾಪಕ ಇಟ್ಟು ಹೋಲಿಸಿ. ಉಜಿರೆಯಿಂದ ಕುದುರೆಮುಖಕ್ಕೂ ಬಲ್ಲಾಳರಾಯನ ದುರ್ಗಕ್ಕೂ 50 ಡಿಗ್ರಿಗಿಂತ ಹೆಚ್ಚು ಅಂತರ. ನನ್ನ ಚಿತ್ರದಲ್ಲಿ ಅದರ ಅರ್ಧವೂ ಇರಲಿಲ್ಲ. ಎಣಿಸಿದ್ದರೆ ಅಂದೇ ಸಿಕ್ಕಿಬೀಳುತ್ತಿತ್ತು.

ಜಾಗ ಖಚಿತವಾದ ಮೇಲೆ ಪೀಕ್‌ಫೈಂಡರ್ ಆ್ಯಪ್ ತೆರೆದು, ಅಲ್ಲಿಂದ ಕಾಣುವ ಬೆಟ್ಟಗಳನ್ನು ಹೆಸರಿನೊಂದಿಗೆ ತೋರಿಸುವ ರೇಖಾಚಿತ್ರ ನೋಡಿ. ದೂರದ ಸಾಲಿಗೆ ಇದು ಒಳ್ಳೆಯದು. ಕಡಿದಾದ ಒಂಟಿ ಬಂಡೆ ಮಾತ್ರ ಅದರಲ್ಲಿ ಮೊಂಡಾಗಿ ಕಾಣುತ್ತದೆ, ಎತ್ತರದ ದತ್ತಾಂಶ ಅಷ್ಟು ಸೂಕ್ಷ್ಮವಾಗಿಲ್ಲ. ಅಂಥದ್ದಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯೇ ಸರಿ. ಒತ್ತೊತ್ತಾಗಿ ಸುತ್ತಿದ ಎತ್ತರದ ಗೆರೆಗಳು ಬಂಡೆಯನ್ನು ಬಿಟ್ಟುಕೊಡುತ್ತವೆ.

ನೆತ್ತಿಯ ಮೇಲೆ ಕೋಟೆಯ ಗೋಡೆ ಕಾಣುತ್ತದೆಯೇ ಎಂದು ಚಿತ್ರ ಹಿಗ್ಗಿಸಿ ನೋಡಿ. ಗಡಾಯಿಕಲ್ಲಿನ ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಕೋಟೆಯಿದೆ. ನಕ್ಷೆಗಳಲ್ಲಿ ಅದು ಜಮಲಾಬಾದ್, ಹಳೆಯ ಹೆಸರು ನರಸಿಂಹಗಡ. ಊರವರಲ್ಲಿ ‘ಗಡಾಯಿಕಲ್ಲು’ ಎಂದೇ ಕೇಳಿ. ಅದರ ಎತ್ತರ ಸುಮಾರು 1,700 ಅಡಿ, ಹಿಂದಿನ ಕುದುರೆಮುಖ 1,894 ಮೀಟರ್. ಹತ್ತಿರವಿರುವುದರಿಂದ ಬಂಡೆಯೇ ದೊಡ್ಡದೆನಿಸುತ್ತದೆ, ಮೋಡ ಕವಿದು ಹಿಂದಿನ ಸಾಲು ಮರೆಯಾದ ದಿನವಂತೂ ಅದೊಂದೇ ಉಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಹಿಂದಿನ ಸಾಲು ಕಾಣುತ್ತಿದ್ದರೆ, ಬಂಡೆ ಅದರ ಎತ್ತರದ ತುದಿಯ ಎಡಕ್ಕಿದೆಯೋ ಬಲಕ್ಕಿದೆಯೋ, ಫೋಟೊದ ಸಮಯ ಎಷ್ಟು, ಇಷ್ಟನ್ನು ಪ್ರಶ್ನೆಗೆ ಸೇರಿಸಿ. ಯಾವ ತಿರುವಿನಲ್ಲಿ ನಿಂತಿದ್ದಿರಿ ಎಂಬುದನ್ನೂ ಹುಡುಕಿಕೊಡುತ್ತೇನೆ.