ವಯಸ್ಸಾದ ತಂದೆಗೆ ವಿಜಯಪುರ ತೋರಿಸಲು ಯಾವ ಪ್ಯಾಕೇಜ್ ಟೂರ್ ಒಳ್ಳೆಯದು?

ತುಮಕೂರಿನಿಂದ ಹೊರಡುವ ಎರಡು ಪ್ಯಾಕೇಜುಗಳಲ್ಲಿ, ಬಾದಾಮಿ, ಐಹೊಳೆ, ಕೂಡಲಸಂಗಮಗಳ ಜೊತೆಗೆ ವಿಜಯಪುರವನ್ನೂ ತೋರಿಸುವುದು ಮೇಲೋ, ವಿಜಯಪುರವೊಂದನ್ನೇ ಒಂದು ದಿನದಲ್ಲಿ ಮುಗಿಸುವುದು ಮೇಲೋ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇಂಥವೇ ಎರಡು ಕರಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆ, ಮತ್ತು ಮೊದಲನೆಯದನ್ನು ಆರಿಸಿಕೊಂಡೆ.

ನಮ್ಮೂರು ಶಿರಾ. ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು. ಮಕ್ಕಳನ್ನು ಮಲಿಕ್ ರಿಹಾನನ ಗೋರಿಯ ಬಳಿಗೆ ನಡೆಸಿಕೊಂಡು ಹೋಗಿ, 1638ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದುಕೊಂಡದ್ದನ್ನೂ, ಆ ಬಳಿಕ ಮಲಿಕ್ ರಿಹಾನ್ ಇಲ್ಲಿ ಅಧಿಕಾರ ನಡೆಸಿದ್ದನ್ನೂ ಅಲ್ಲೇ ನಿಂತು ಹೇಳುತ್ತಿದ್ದರು. ಆ ಸೈನ್ಯ ಯಾರ ಹೆಸರಿನಲ್ಲಿ ಬಂದಿತೋ ಆ ಮುಹಮ್ಮದ್ ಆದಿಲ್ ಶಾಹನ ಸಮಾಧಿಯೇ ಗೋಳಗುಮ್ಮಟ. ಆದ್ದರಿಂದ ವಿಜಯಪುರ ಅವರಿಗೆ ದೂರದ ಪ್ರೇಕ್ಷಣೀಯ ಸ್ಥಳವಾಗಿರಲಿಲ್ಲ, ನಮ್ಮೂರಿನ ಚರಿತ್ರೆಯ ಇನ್ನೊಂದು ತುದಿಯಾಗಿತ್ತು. ನೌಕರಿ, ನಮ್ಮ ಓದು, ಮದುವೆಗಳ ನಡುವೆ ಅವರು ಅಲ್ಲಿಗೆ ಹೋಗಿರಲೇ ಇಲ್ಲ.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಬುಕ್ ಮಾಡುವಾಗ ಮುಂದಿನ ಸೀಟು ಸಿಗುತ್ತದೆಯೇ, ಊಟ ಸಸ್ಯಾಹಾರವೇ, ರೂಮು ನೆಲಮಹಡಿಯಲ್ಲಿದೆಯೇ, ಬಿಸಿನೀರು ಬರುತ್ತದೆಯೇ ಎಂದೆಲ್ಲ ಕೇಳಿದೆ. ಯಾವ ಸ್ಥಳಕ್ಕೆ ಎಷ್ಟು ಗಂಟೆಗೆ ತಲುಪುತ್ತೇವೆ, ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ, ಒಳಗೆ ಕರೆದೊಯ್ಯುತ್ತೀರಾ ಅಥವಾ ಬಸ್ಸಿನಿಂದಲೇ ತೋರಿಸುತ್ತೀರಾ ಎಂದು ಮಾತ್ರ ಕೇಳಲಿಲ್ಲ. ಕರಪತ್ರದಲ್ಲಿ ಹೆಸರುಗಳು ಹೆಚ್ಚಿದ್ದಷ್ಟೂ ಕೊಟ್ಟ ಹಣಕ್ಕೆ ನ್ಯಾಯ ಸಿಗುತ್ತದೆಂದು ನಂಬಿದ್ದೆ. ಆದರೆ ಹೆಸರು ಹೆಚ್ಚಿದಂತೆ ಸಮಯವೆಲ್ಲ ರಸ್ತೆಗೆ ಹೋಗುತ್ತದೆ. ಬಾದಾಮಿಯಿಂದ ವಿಜಯಪುರಕ್ಕೇ ನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಬೆಳಗಿನ ತಿಂಡಿ ತಡವಾದರೆ, ಸಹಪ್ರಯಾಣಿಕರೊಬ್ಬರು ಇಳಕಲ್ ಸೀರೆಯ ಅಂಗಡಿಯಲ್ಲಿ ಉಳಿದುಬಿಟ್ಟರೆ, ಆ ನಷ್ಟವನ್ನೆಲ್ಲ ಪಟ್ಟಿಯ ಕೊನೆಯ ಊರು ತುಂಬಿಕೊಡಬೇಕು. ನಮ್ಮ ಪಟ್ಟಿಯ ಕೊನೆಯ ಊರು ವಿಜಯಪುರ.

ನಾವು ಗೋಳಗುಮ್ಮಟ ತಲುಪಿದಾಗ ಮಧ್ಯಾಹ್ನ ಬಹಳ ಕಳೆದಿತ್ತು, ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಗೈಡ್ ವಿಷಯ ಬಲ್ಲವರು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್ ಇದ್ದರೂ ನಡುವೆ ಒಂದೂ ಕಂಬವಿಲ್ಲದೆ ಅದು ಹೇಗೆ ನಿಂತಿದೆ, ಒಂದನ್ನೊಂದು ಕತ್ತರಿಸುವ ಕಮಾನುಗಳು ಆ ಭಾರವನ್ನು ಗೋಡೆಗಳಿಗೆ ಹೇಗೆ ಇಳಿಸುತ್ತವೆ ಎಂಬುದನ್ನು ಚೆನ್ನಾಗಿ ಹೇಳಿದರು. ಆದರೆ ಸಮಯ ಅವರ ಕೈಯಲ್ಲಿರಲಿಲ್ಲ. ಪಿಸುಮಾತಿನ ಗ್ಯಾಲರಿಗೆ ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳಿಂದಲೇ ಹೋಗಬೇಕು. ಮೆಟ್ಟಿಲು ಇಕ್ಕಟ್ಟು, ಒಂದೊಂದೂ ಎತ್ತರ, ಬೆಳಕು ಕಡಿಮೆ. ತಂದೆಯವರು ಗೋಡೆಗೆ ಅಂಗೈ ಊರಿ ಪ್ರತಿ ಮೆಟ್ಟಿಲಿಗೂ ಎರಡೂ ಪಾದಗಳನ್ನು ಇಟ್ಟು ಹತ್ತುತ್ತಿದ್ದರು. ಮೇಲಿಂದ ಇಳಿಯುವ ಮಕ್ಕಳಿಗೆ ದಾರಿ ಬಿಡಲು ಮತ್ತೆ ಮತ್ತೆ ಗೋಡೆಗೆ ಒತ್ತಿ ನಿಲ್ಲಬೇಕಾಗುತ್ತಿತ್ತು. ಅರ್ಧ ದಾರಿಯಲ್ಲಿ ಬಸ್ಸು ಹೊರಡುತ್ತಿದೆ ಎಂದು ಫೋನ್ ಬಂತು. “ನೀನು ಓಡಿ ನೋಡಿಕೊಂಡು ಬಾರಪ್ಪ, ನಾನು ಇಳಿಯುತ್ತಿರುತ್ತೇನೆ” ಎಂದರು. ನಾನು ಹೋಗಲಿಲ್ಲ, ಇಬ್ಬರೂ ಇಳಿದುಬಂದೆವು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯಾದ ಇಬ್ರಾಹಿಂ ರೋಜಾವನ್ನು ಬಸ್ಸಿನ ಕಿಟಕಿಯಿಂದ ತೋರಿಸಿದರು. ಮರುವರ್ಷ ಅವರ ಮಂಡಿ ಪೂರ್ತಿ ಸೋತಿತು. ಈಗ ಮನೆಯ ಹೊಸ್ತಿಲು ದಾಟುವುದಕ್ಕೂ ಕೈ ಹಿಡಿಯಬೇಕು.

ಆದ್ದರಿಂದ ನಿಮ್ಮ ಎರಡು ಪ್ಯಾಕೇಜುಗಳಲ್ಲಿ ಯಾವುದನ್ನೂ ಆರಿಸಬೇಡಿ ಎಂಬುದೇ ನನ್ನ ಉತ್ತರ. ವಯಸ್ಸಾದವರಿಗೆ ಗುಂಪಿನಲ್ಲಿ ಹೋದರೆ ಸುರಕ್ಷಿತ ಎಂದು ಬರೆದಿದ್ದೀರಿ; ನಿಧಾನವಾಗಿ ನಡೆಯುವವರಿಗಾಗಿ ಗುಂಪು ಕಾಯುವುದಿಲ್ಲ, ಅವರೇ ಗುಂಪಿಗಾಗಿ ಓಡಬೇಕಾಗುತ್ತದೆ. ದೇವರ ದರ್ಶನವಷ್ಟೇ ಉದ್ದೇಶವಾಗಿದ್ದರೆ ಪ್ಯಾಕೇಜ್ ಸಾಕು, ನೋಡಬೇಕೆಂಬ ಆಸೆ ಇದ್ದವರಿಗೆ ಸಾಲದು.

ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ತುಮಕೂರಿನಲ್ಲಿ ನಿಲ್ಲುತ್ತದೆ. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ವಿಜಯಪುರ. ಕೆಳಗಿನ ಬರ್ತ್ ಸಿಗುವ ದಿನಕ್ಕೇ ಟಿಕೆಟ್ ಮಾಡಿಸಿ, ಅಲ್ಲಿ ಎರಡು ರಾತ್ರಿ ಉಳಿಯಿರಿ. ಗೈಡ್ ಖಂಡಿತ ಬೇಕು, ಆದರೆ ಅವರು ನಿಮ್ಮಿಬ್ಬರಿಗೆ ಮಾತ್ರ ಗೈಡ್ ಆಗಿರಬೇಕು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ನೋಡಿ, ಹಣವನ್ನು ಮೊದಲೇ ಮಾತಾಡಿಕೊಳ್ಳಿ. ಮೊದಲ ದಿನ ಆಟೋ ಅಥವಾ ಟಾಂಗಾ ಹಿಡಿದು ಜುಮ್ಮಾ ಮಸೀದಿ, ಅರ್ಧಕ್ಕೇ ನಿಂತುಹೋದ ಸಮಾಧಿ ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪುಗಳನ್ನು ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ತೋಪಿನ ಬಾಯಿ ಸಿಂಹದ ಮುಖದಂತಿದ್ದು, ಅದರ ದವಡೆಯ ನಡುವೆ ಆನೆ ಸಿಕ್ಕಿಕೊಂಡಿದೆ. ನಿಮ್ಮ ತಂದೆಯವರನ್ನು ಹತ್ತಿರ ನಿಲ್ಲಿಸಿ ಅದನ್ನು ತೋರಿಸಿ. ಸಂಜೆಯನ್ನು ಇಬ್ರಾಹಿಂ ರೋಜಾಕ್ಕೇ ಬಿಡಿ.

ಎರಡನೆಯ ದಿನ ಗೋಳಗುಮ್ಮಟ. ಬಾಗಿಲು ತೆರೆದ ಕೂಡಲೇ, ಶಾಲಾ ಬಸ್ಸುಗಳು ಬರುವ ಮುನ್ನವೇ ಒಳಗಿರಬೇಕು, ಗದ್ದಲ ಶುರುವಾದ ಮೇಲೆ ಗ್ಯಾಲರಿಯಲ್ಲಿ ಕೂಗಾಟವಲ್ಲದೆ ಬೇರೇನೂ ಕೇಳಿಸುವುದಿಲ್ಲ. ಎದುರಿನ ನಗಾರಿಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನ ತಪ್ಪಿಸಿ.

ನಿಮ್ಮ ತಂದೆಯವರ ಮಂಡಿ ಗೋಪುರ ಹತ್ತಲು ಒಪ್ಪುವುದಿಲ್ಲವೆಂದು ಈಗಲೇ ಅನಿಸಿದರೆ, ಒತ್ತಾಯ ಬೇಡ. ಸಮಾಧಿಗಳ ಬಳಿ ನಿಂತು ಗುಮ್ಮಟವನ್ನು ತಲೆಯೆತ್ತಿ ನೋಡುವುದಕ್ಕೆ ಏಳಂತಸ್ತು ಹತ್ತಬೇಕಾಗಿಲ್ಲ. ಇಬ್ರಾಹಿಂ ರೋಜಾದಲ್ಲಂತೂ ಜಗಲಿಯ ಕೆಲವು ಮೆಟ್ಟಿಲು ಹತ್ತಿದರೆ, ಅಕ್ಷರಗಳನ್ನೇ ಜಾಲಂಧ್ರವಾಗಿ ಕಡೆದ ಕಿಟಕಿಗಳು ಕಣ್ಣೆದುರಿಗೇ ಸಿಗುತ್ತವೆ. ಹಾಗಿದ್ದಲ್ಲಿ ಮೊದಲ ದಿನದ ಪಟ್ಟಿಯಿಂದ ಬೇರೆ ಏನನ್ನಾದರೂ ಕೈಬಿಟ್ಟು, ರೋಜಾಕ್ಕೆ ಅರ್ಧ ದಿನವನ್ನೇ ಕೊಡಿ.