ಕೊಡಗಿನಲ್ಲಿ ಸಲಿಂಗ ಮದುವೆಗೆ ಅಡ್ಡಿ ಧರ್ಮದ್ದೋ, ಒಕ್ಕದ್ದೋ?

ಕೊಡವರ ಮದುವೆಗೆ ಪುರೋಹಿತರೇ ಬೇಡ, ಹಾಗಾದರೆ ಸಲಿಂಗ ಮದುವೆಗೆ ಅಡ್ಡಿ ಏನು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅಡ್ಡಿ ಒಕ್ಕದ್ದು, ಅಂದರೆ ತಂದೆಯ ಕಡೆಯಿಂದ ಸಾಗುವ ಮನೆತನದ್ದು. ದೀಪದ ಮುಂದೆ ಹಿರಿಯರು ಅಕ್ಕಿ ಹಾಕಿ ಹರಸಿದರೆ ಮುಗಿಯಲಿಲ್ಲ. ಮದುವೆಯ ‘ಸಮ್ಮಂದ’ ಕೊಡುವ ಶಾಸ್ತ್ರದಲ್ಲಿ ಹೆಣ್ಣಿಗೆ ಗಂಡಿನ ಒಕ್ಕದಲ್ಲಿ ಹಕ್ಕು ಸಿಗುತ್ತದೆ. ಇಬ್ಬರೂ ಗಂಡಾದರೆ ಯಾರು ಯಾರ ಐನ್‌ಮನೆಗೆ, ಅಂದರೆ ಒಕ್ಕದ ಮೂಲಮನೆಗೆ, ಸೇರುವುದು? ಹಿರಿಯರ ತಕರಾರು ಪಾಪ ಪುಣ್ಯಕ್ಕಿಂತ ಇಲ್ಲೇ ಸಿಕ್ಕಿಕೊಳ್ಳುತ್ತದೆ. (ಗಂಡು ಸಂತಾನವಿಲ್ಲದಾಗ ಮಕ್ಕಳಿಗೆ ತಾಯಿಯ ಮನೆಹೆಸರು ಕೊಡುವ ದಾರಿ ಕಂಡುಕೊಂಡವರೂ ಅವರ ಹಿರಿಯರೇ ಅನ್ನಿ.) ವಿರಾಜಪೇಟೆಯ ಕ್ಯಾಥೊಲಿಕರ ಮಾತು ಬೇರೆ: 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಇಂಥ ಜೋಡಿಗಳನ್ನು ಹರಸಲು ಪಾದ್ರಿಗಳಿಗೆ ಒಪ್ಪಿಗೆ ಕೊಟ್ಟಿತು, ಮದುವೆ ಮಾಡಿಸಲು ಅಲ್ಲ. ಕಾನೂನೂ ಅರ್ಧದಾರಿಯಲ್ಲೇ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ವಿಚಾರವನ್ನು ಸಂಸತ್ತಿಗೆ ಬಿಟ್ಟಿತು.