ನೆರಳು ಜೇಡಗಳಿಗೆ ಕತ್ತಲೆಯೇ ಶತ್ರುವಾಗಲಿ

ನಿಮ್ಮ ಕಾದಂಬರಿಯ ಜೇಡರೂಪದ ನೆರಳಾತ್ಮಗಳು ಬೆಳಕು ಸೋಕಿದೊಡನೆ ಸಾಯುವುದು ಸಪ್ಪೆಯಾಯಿತು, ಬೇರೆ ಯಾವ ದೌರ್ಬಲ್ಯ ಕೊಡಲಿ ಎಂದು ಕೇಳಿದ್ದೀರಿ. ಅದನ್ನು ತಿರುವುಮುರುವು ಮಾಡಿ ನೋಡಿ. ಬೆಳಕಿಲ್ಲದೆ ನೆರಳಿಲ್ಲ, ಆದ್ದರಿಂದ ಕಗ್ಗತ್ತಲೆಯಲ್ಲಿ ಅವು ಕರಗಿಹೋಗಲಿ. ಆಗ ದೀಪ ಕಾಯುವುದೇ ಅವುಗಳ ಬದುಕಾಗುತ್ತದೆ, ದೀಪ ಆರಿಸಬಲ್ಲ ಪುಟ್ಟ ಮಗುವಿಗೂ ಅವು ಹೆದರುತ್ತವೆ. ನನಗೆ ತುಂಬಾ ಇಷ್ಟವಾದ ಸಾಧ್ಯತೆ ಇದು.

ಇನ್ನೊಂದು ದೌರ್ಬಲ್ಯವನ್ನು ನಿಜವಾದ ಜೇಡಗಳಿಂದಲೇ ಪಡೆಯಬಹುದು. ಬಲೆ ನೇಯುವ ಹೆಚ್ಚಿನ ಜೇಡಗಳಿಗೆ ದೃಷ್ಟಿ ಮಂದ. ಕಾಲುಗಳ ಮೇಲಿನ ಅತಿಸೂಕ್ಷ್ಮ ಸೀಳುಗಳ ಮೂಲಕ ಎಳೆಗಳ ಕಂಪನವನ್ನು ಗ್ರಹಿಸಿಯೇ ಅವು ಬೇಟೆಯನ್ನು ಅರಿಯುತ್ತವೆ. ನಿಮ್ಮ ಆತ್ಮಗಳೂ ಮನುಷ್ಯರನ್ನು ಮುಖದಿಂದಲ್ಲ, ಹೆಜ್ಜೆಯಿಂದ ಗುರುತಿಸಲಿ. ಗಾಯಗೊಂಡು ಕುಂಟುತ್ತಾ ಬಂದ ಗೆಳೆಯನನ್ನು ಅವು ಅಪರಿಚಿತನೆಂದು ಕೊಂದುಬಿಡಬಹುದು!

ಚಕ್ರಾಕಾರದ ಬಲೆ ಕಟ್ಟುವ ಅನೇಕ ಜೇಡಗಳು ಹಳೆಯ ಬಲೆಯನ್ನು ತಿಂದು, ಅದರ ಪ್ರೋಟೀನನ್ನೇ ಮತ್ತೆ ಬಳಸಿ ಹೊಸದನ್ನು ನೇಯುತ್ತವೆ. ನಿಮ್ಮ ನೆರಳಾತ್ಮಗಳ ಕುಲದ ನೆನಪುಗಳು ಬಲೆಯಲ್ಲೇ ಇದ್ದರೆ? ತಿನ್ನುವ ಮೊದಲೇ ಯಾರಾದರೂ ಬಲೆಯನ್ನು ಹರಿದರೆ ಒಂದು ತಲೆಮಾರಿನ ಚರಿತ್ರೆಯೇ ಅಳಿಯುತ್ತದೆ. ಎಂಟು ಕಾಲುಗಳ ವರ್ಣನೆಯನ್ನು ಒಂದೆರಡು ಸಾಲಿನಲ್ಲಿ ಮುಗಿಸಿ, ಈ ಬಲೆಗೆ ಪುಟಗಳನ್ನು ಕೊಡಿ.